ತಣ್ಣಗಾದರೂ ಇಳಿಯದ ಅಂಕಿ

ಆವಿಯ ಒತ್ತಡ ಅಳೆಯುವುದು ನನ್ನ ಉದ್ಯೋಗ ಎಂದರೆ ಬೀದರಿನ ಕಡೆಯ ನಮ್ಮ ನೆಂಟರು ಕುಕ್ಕರಿನ ಸೀಟಿ ಎಣಿಸುವ ಕೆಲಸವೇನೋ ಎಂಬಂತೆ ನೋಡುತ್ತಾರೆ. ನಾನೂ ತಿದ್ದುವ ಗೋಜಿಗೆ ಹೋಗುವುದಿಲ್ಲ. ನಾಸಿಕದ ಸಾತಪುರ ಕೈಗಾರಿಕಾ ವಸಾಹತಿನಲ್ಲಿರುವ ಒಂದು ಸಣ್ಣ ಖಾಸಗಿ ಪ್ರಯೋಗಶಾಲೆ ನಮ್ಮದು. ಕಾರ್ಖಾನೆಗಳು ತಮ್ಮ ದ್ರವಗಳನ್ನು ಶೀಶೆಯಲ್ಲಿ ಕಳಿಸುತ್ತವೆ, ನಾವು ಪರೀಕ್ಷಿಸಿ ಅಂಕಿ ಬರೆದು ಕೊಡುತ್ತೇವೆ. ಹದಿನೆಂಟು ವರ್ಷದಿಂದ ಅಲ್ಲಿನ ಮೂಲೆಯ ಟೇಬಲ್ಲು ನನ್ನದು.

ಅತ್ತರಿನ ಬಿರಡೆ ತೆಗೆದರೆ ಮನೆಯೆಲ್ಲ ಗಮ್ಮೆನ್ನುತ್ತದೆ. ಕುಸುಬೆ ಎಣ್ಣೆಯ ಡಬ್ಬಿ ದಿನವಿಡೀ ತೆರೆದಿದ್ದರೂ ಪಕ್ಕದ ಕೋಣೆಗೆ ಸುದ್ದಿ ಇರುವುದಿಲ್ಲ. ದ್ರವಕ್ಕೆ ಆವಿಯಾಗಿ ಗಾಳಿಗೆ ಸೇರುವ ಅವಸರ ಎಷ್ಟಿದೆ ಎಂಬುದೇ ಆವಿಯ ಒತ್ತಡ. ಅಂಕಿ ದೊಡ್ಡದಾದರೆ ಖೋಲಿಯ ಗಾಳಿ ತುಂಬ ಅದೇ ಇರುತ್ತದೆ, ಚಿಕ್ಕದಾದರೆ ಅದು ಡಬ್ಬಿಯಲ್ಲೇ ತೆಪ್ಪಗೆ ಕುಳಿತಿರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಆ ಒಂದು ವಾರದಲ್ಲಿ ನನಗೆ ಏನಾಯಿತು ಎಂಬುದು ತಿಳಿಯುತ್ತದೆ.

ನನ್ನ ಯಜಮಾನರು ಕೆಲಸ ಮಾಡುತ್ತಿದ್ದದ್ದು ಛತ್ರಪತಿ ಸಂಭಾಜಿನಗರದ ವಾಳೂಜ ಕಡೆಯ ಒಂದು ಕಾರ್ಖಾನೆಯಲ್ಲಿ. ನಾನು ನಾಸಿಕದಲ್ಲಿ, ಅವರು ಅಲ್ಲಿ ಬಾಡಿಗೆಯ ಒಂದು ಖೋಲಿಯಲ್ಲಿ. ಶನಿವಾರ ಸರಕಾರಿ ಎಸ್ಟಿ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ವಾರಕ್ಕೊಂದು ದಿನದ ಈ ಸಂಸಾರಕ್ಕೆ ಜಗಳವಾಡಲೂ ಪುರಸೊತ್ತು ಇರುತ್ತಿರಲಿಲ್ಲ. ನೀರಿನ ಟ್ಯಾಂಕು, ದೋಣಿ ಮಾಡುವವರು ಗಾಜಿನ ನಾರಿಗೆ ಸವರುವ ರಾಳ ಗಟ್ಟಿಯಾಗಲೆಂದು ಒಂದು ದ್ರವ ಬೆರೆಸುತ್ತಾರೆ. ಅದು ಸಾವಯವ ಪೆರಾಕ್ಸೈಡು, ಬಹಳ ಮುಂಗೋಪದ ವಸ್ತು. ಬಿಸಿಯಾದರೆ ಒಡೆಯುತ್ತದೆ, ಹೊಲಸು ತಾಕಿದರೂ ಒಡೆಯುತ್ತದೆ, ಒಡೆದರೆ ಅನಿಲ ಉಗುಳುತ್ತದೆ. ಅದನ್ನು ದೊಡ್ಡ ಪಾತ್ರೆಯಿಂದ ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬುವ ಖೋಲಿಯಲ್ಲಿ ಇವರೇ ಹಿರಿಯರು. ಹಿಂದಿನ ವರ್ಷದವರೆಗೂ ಅಲ್ಲಿ ತುಂಬುತ್ತಿದ್ದದ್ದು ಬರೀ ರಾಳ, ಈ ದ್ರವ ಹೊಸತು.

ಆ ಖೋಲಿ ತಂಪಾಗಿರಬೇಕೆಂದು ಕಿಟಕಿ ಇಟ್ಟಿರಲಿಲ್ಲ. ಎಸಿ ಒಂದೇ ಗಾಳಿಯನ್ನು ಸುತ್ತಿಸುತ್ತಿತ್ತು. ಹೊಸ ದ್ರವ ಬಂದ ಮೇಲೆ ಅವರಿಗೆ ಕೆಮ್ಮು ಶುರುವಾಯಿತು, ಕಣ್ಣು ಕೆಂಪಾಯಿತು. ತುಂಬಿಟ್ಟ ಡಬ್ಬಿಗಳಲ್ಲಿ ಕೆಲವು ಉಬ್ಬುತ್ತವೆ, ಮುಚ್ಚಳ ತಿರುವಿದರೆ ಉಸ್ ಎನ್ನುತ್ತವೆ ಎಂದು ಹೇಳುತ್ತಿದ್ದರು. ಹೆಚ್ಚಾಗಿ ಪಾಳಿಯ ಮೊದಲ ನಾಲ್ಕೈದು ಡಬ್ಬಿ, ಅದರಲ್ಲೂ ಸೋಮವಾರದವು. ನಾನು ರೊಟ್ಟಿ ಬಡಿಯುತ್ತಾ ಹೂಂಗುಟ್ಟಿದ್ದೆ. ಒಂದು ದಿನ ಅಂಥದೇ ಡಬ್ಬಿ ತೆರೆಯುವಾಗ ಸಣ್ಣ ತುಂತುರು ಎಡಗಣ್ಣಿಗೆ ಹಾರಿತು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಪ್ಪುಗುಡ್ಡೆಯ ಮೇಲೆ ಕಲೆ ಬಿದ್ದಿದೆ, ಇರುವಷ್ಟು ದೃಷ್ಟಿ ಉಳಿಸಿಕೊಳ್ಳಿ, ಆ ಗಾಳಿಯಿಂದ ದೂರವಿರಿ ಎಂದರು. ಐವತ್ತು ದಾಟಿದ ಮನುಷ್ಯ ದೂರವಿದ್ದು ಎಲ್ಲಿಗೆ ಹೋಗಬೇಕು?

ಖೋಲಿಯ ಗಾಳಿ ಹೊರಗೆ ಎಳೆಯುವ ಫ್ಯಾನು ಹಾಕಿಸಿ ಎಂದು ಕೆಲಸಗಾರರು ಕೇಳಿಕೊಂಡರು. ಹಾಕಿದರೆ ಖೋಲಿ ಬಿಸಿಯಾಗುತ್ತದೆ, ಮೇಲಾಗಿ ಈ ದ್ರವದ ಆವಿಯ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ ಎಂದು ದ್ರವದ ಜೊತೆ ಬಂದ ಕಾಗದದಲ್ಲೇ ಇದೆ ಎಂದರು ಅಲ್ಲಿನ ಮ್ಯಾನೇಜರು. ಯಜಮಾನರು ಪಟ್ಟು ಬಿಡಲಿಲ್ಲ. ಕೊನೆಗೆ, ಹೊರಗಿನವರಿಂದಲೇ ಅಳೆಸೋಣ, ಅಂಕಿ ಹೆಚ್ಚು ಬಂದರೆ ಫ್ಯಾನು, ಇಲ್ಲವಾದರೆ ಇನ್ನು ಈ ಮಾತು ಎತ್ತಬಾರದು ಎಂದು ತೀರ್ಮಾನವಾಯಿತು. ದೊಡ್ಡ ಪಾತ್ರೆಯಿಂದಲೇ ತೆಗೆದ ಮಾದರಿ ಐಸ್ ಪೆಟ್ಟಿಗೆಯಲ್ಲಿ ಬಂದದ್ದು ನಮ್ಮ ಪ್ರಯೋಗಶಾಲೆಗೆ, ನನ್ನ ಟೇಬಲ್ಲಿಗೆ.

ನಮ್ಮ ಮುಖ್ಯಸ್ಥರಿಗೆ ನಾನು ಅಲ್ಲಿಯೇ ಹೇಳಬೇಕಿತ್ತು, ಸರ್, ನನ್ನ ಯಜಮಾನರು ಆ ಕಾರ್ಖಾನೆಯಲ್ಲಿದ್ದಾರೆ, ಇದನ್ನು ಬೇರೆಯವರಿಗೆ ಕೊಡಿ ಎಂದು. ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಶೀಶೆಯನ್ನು ಫ್ರಿಜ್ಜಿನಲ್ಲಿಟ್ಟೆ. ಆ ಶನಿವಾರ ಯಜಮಾನರು ಮನೆಗೆ ಬಂದರು, ಭಾನುವಾರ ಅವರಿಗೆ ಮಾತ್ರ ಹೇಳಿದೆ. ಅವರು ಎಡಗಣ್ಣಿಗೆ ಔಷಧಿಯ ಹನಿ ಬಿಟ್ಟುಕೊಳ್ಳುತ್ತಿದ್ದರು.

“ನೀ ಇದ್ದದ್ದು ಇದ್ದಂಗ ಅಳಿ, ಅಷ್ಟೇ ಸಾಕು,” ಎಂದರು. “ಆ ಖೋಲ್ಯಾಗ ಏನದ ಅಂತ ನನ್ನ ಪುಪ್ಪುಸಕ್ಕ ಗೊತ್ತದ.”

ಸೋಮವಾರ ಬೆಳಿಗ್ಗೆ ಅವರ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಹೊಸ ವಿಭೂತಿ ಗಟ್ಟಿ ಇಟ್ಟು ಕಳಿಸಿದೆ. ಊರಿಗೆ ಹೋದಾಗಲೆಲ್ಲ ಒಂದು ಡಜನ್ ಗಟ್ಟಿ ತರುವುದು ನನ್ನ ವಾಡಿಕೆ. ಒಂದು ದೇವರ ಮನೆಗೆ, ಒಂದು ನನ್ನ ಟೇಬಲ್ಲಿನ ಡ್ರಾಯರಿಗೆ, ಒಂದು ಅವರ ಚೀಲಕ್ಕೆ. ಅದು ಕೊನೆಯ ಗಟ್ಟಿಯಾಗಿತ್ತು. ಕೆಲಸ ಶುರುಮಾಡುವ ಮುಂಚೆ ಕೈಯ ಸಾಮಾನಿಗೆ ಮೂರು ಬೆರಳಿನ ವಿಭೂತಿ ಎಳೆಯುವುದನ್ನು ಅಪ್ಪ ನನಗೆ ಹೇಳಿಕೊಟ್ಟಿದ್ದರು. ಅಪ್ಪನ ಸಾಮಾನು ಅಂಗಡಿಯ ತಕ್ಕಡಿ, ನನ್ನದು ದ್ರವ ಹಾಕಿ ಅಳೆಯುವ ಗಾಜಿನ ಬುರುಡೆ. ನಮ್ಮಲ್ಲಿನ ಮರಾಠಿ ಗೆಳತಿಯರು ದಸರೆಗೊಮ್ಮೆ ಉಪಕರಣಗಳಿಗೆ ಅರಿಶಿನ ಕುಂಕುಮ ಹಚ್ಚಿ ಮುಗಿಸುತ್ತಾರೆ. ನಾನು ದಿನಾ ಹಚ್ಚುತ್ತೇನೆಂದು, ಮೇಡಮ್ಮಿನ ಗಾಜಿನ ಬುರುಡೆಗೂ ದೀಕ್ಷೆಯಾಗಿದೆ ಎಂದು ಕಾಡಿಸುತ್ತಿದ್ದರು. ಯಜಮಾನರಿಗೂ ಇದೇ ರೂಢಿ ಇದೆ ಎಂದು ಮದುವೆಯಾದ ಹೊಸತರಲ್ಲಿ ತಿಳಿದಾಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಜಾತಕ ನೋಡಿದ್ದರೂ ಅಷ್ಟು ಚೆನ್ನಾಗಿ ಕೂಡಿಬರುತ್ತಿರಲಿಲ್ಲ ಎಂದುಕೊಂಡಿದ್ದೆ.

ನನ್ನ ಡ್ರಾಯರಿನಲ್ಲಿದ್ದದ್ದು ಹಳೆಯ ಗಟ್ಟಿಯ ತುಂಡು, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಅವತ್ತು ಭಕ್ತಿಯೂ ತುಸು ಹೆಚ್ಚೇ ಉಕ್ಕಿತ್ತು. ಬುರುಡೆಯ ಹೊಟ್ಟೆಗೆ, ಕೊರಳಿಗೆ, ಬಾಯಿಯ ಅಂಚಿನವರೆಗೂ ಹಚ್ಚಿದೆ. ಆಮೇಲೆ ಕೈ ತೊಳೆದೆ, ಗವಸು ಹಾಕಿದೆ, ದಪ್ಪ ಪ್ಲಾಸ್ಟಿಕ್ಕಿನ ಮರೆಯ ಹಿಂದೆ ನಿಂತು ಕೆಲವೇ ಗ್ರಾಮಿನಷ್ಟು ದ್ರವವನ್ನು ಬುರುಡೆಗೆ ಬಿಟ್ಟೆ.

ಅಳೆಯುವ ಕ್ರಮ ಹೇಳಲು ಸುಲಭ. ಬುರುಡೆಯನ್ನು ಮಂಜುಗಡ್ಡೆಯಲ್ಲಿ ಕೊರೆಯುವಷ್ಟು ತಣ್ಣಗೆ ಮಾಡಿ, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು, ಮುಚ್ಚಬೇಕು. ಆಮೇಲೆ ನೀರಿನ ತೊಟ್ಟಿಯಲ್ಲಿಟ್ಟು ಇಪ್ಪತ್ತು ಡಿಗ್ರಿಗೆ ತಂದು ಮೀಟರು ಓದಬೇಕು. ಮುಂದೆ ಮೂವತ್ತು, ನಲವತ್ತು. ಪೆರಾಕ್ಸೈಡಿಗೆ ಇನ್ನೂ ಒಂದು ನಿಯಮ ಇದೆ. ಕೊನೆಗೆ ತಿರುಗಿ ಇಪ್ಪತ್ತಕ್ಕೆ ತಣ್ಣಗೆ ಮಾಡಿ ನೋಡಬೇಕು. ಒಳಗಿರುವುದು ಆವಿಯೇ ಆದರೆ ಅದು ಮತ್ತೆ ದ್ರವವಾಗುತ್ತದೆ, ಅಂಕಿ ಮೊದಲಿದ್ದಲ್ಲಿಗೆ ಇಳಿಯುತ್ತದೆ. ದ್ರವ ಒಡೆದು ಅನಿಲವಾಗಿದ್ದರೆ ಎಷ್ಟು ತಣ್ಣಗೆ ಮಾಡಿದರೂ ಅಂಕಿ ಇಳಿಯುವುದಿಲ್ಲ. ಒಡೆದದ್ದು ಹಿಂದಿರುಗುವುದಿಲ್ಲ. ಹೊಸದಾಗಿ ಸೇರಿದವರಿಗೆ ಈ ನಿಯಮ ಕಲಿಸುವವಳು ನಾನೇ.

ಇಪ್ಪತ್ತಕ್ಕೇ ಅಂಕಿ ಜೋರಾಗಿತ್ತು. ಮೂವತ್ತಕ್ಕೆ ಮತ್ತೂ ಏರಿತು. ನಲವತ್ತಕ್ಕೆ ಬಂದಾಗ ಕಾಗದದಲ್ಲಿ ಬರೆದಿದ್ದ ಅಂಕಿಯ ಎಷ್ಟೋ ಪಟ್ಟು, ಇನ್ನೂ ಏರುತ್ತಲೇ ಇತ್ತು. ನಿಲ್ಲದೆ ಏರುವ ಅಂಕಿ ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಕುಣಿಯುವಂತಾಯಿತು. ತಣ್ಣಗೆ ಮಾಡಿ ನೋಡುವುದು ಬಾಕಿ ಇತ್ತು. ಹೊತ್ತಾಯಿತು, ಬಸ್ಸು ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹಿಡಿಯಬೇಕಾದ ಬಸ್ಸು ಯಾವುದೂ ಇರಲಿಲ್ಲ, ಮನೆಗೆ ನಡೆದೇ ಹೋಗುತ್ತೇನೆ. ಬುರುಡೆಯ ದ್ರವ ಖಾಲಿ ಮಾಡಿ, ಅದನ್ನು ತೊಳೆಯದೆ ತಟ್ಟೆಯಲ್ಲಿಟ್ಟು, ಹೊರಗೆ ಬಂದು ಅವರಿಗೆ ಫೋನು ಮಾಡಿದೆ.

ಆ ವಾರ ಅವರದು ಮಧ್ಯಾಹ್ನ ಮೂರರ ಪಾಳಿ. ಸಂಜೆ ಚಹಾದ ಬಿಡುವಿಗೆ ಹೊರಗೆ ಬಂದಾಗ ಸಿಕ್ಕರು. ಹೆಚ್ಚು ಬಂದದ ರೀ ಎಂದೆ. ಆಮೇಲೆ ಅವರು ಖೋಲಿಯವರಿಗೆಲ್ಲ ಪೇಢೆ ಹಂಚಿದರಂತೆ. ನಾನಾದರೋ ಎರಡನೇ ಸಲ ಅಳೆಯುವ ಮುನ್ನವೇ ಅಂಕಿ ಬಾಯಿಬಿಟ್ಟಿದ್ದೆ. ಮೂರು ಸಲ ಅಳೆದು, ಮೂರೂ ಹೊಂದಿಕೆಯಾದರೆ ಮಾತ್ರ ಅಂಕಿ ಎನ್ನಬೇಕು. ಅದೂ ನಾನೇ ಕಲಿಸುವ ಪಾಠ.

ಮಂಗಳವಾರ ಡ್ರಾಯರಿನಲ್ಲಿ ವಿಭೂತಿ ಮುಗಿದಿತ್ತು. ಬರಿದೇ ಕೈ ಮುಗಿದು ಹೊಸ ಬುರುಡೆ ತೆಗೆದುಕೊಂಡೆ. ಮೀಟರು ಅಲ್ಲಾಡಲೇ ಇಲ್ಲ ಎನ್ನಬೇಕು. ಮೂವತ್ತು, ನಲವತ್ತು, ತಿರುಗಿ ಇಪ್ಪತ್ತು, ಅಂಕಿ ಸಣ್ಣಗೆ ಏರಿ ಅಷ್ಟೇ ಶಿಸ್ತಿನಿಂದ ಇಳಿಯಿತು. ಸೋರಿಕೆ ಇರಬೇಕು ಎಂದು ಕೀಲುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಜೋಡಿಸಿದೆ. ಬುಧವಾರ ಅದೇ ಅಂಕಿ. ಮೀಟರೇ ಕೆಟ್ಟಿದೆ ಎಂದು ಪಕ್ಕದ ಟೇಬಲ್ಲಿನ ಮೀಟರು ತಂದೆ. ಗುರುವಾರ ಬೆಳಿಗ್ಗೆ ಎಂಟಕ್ಕೇ ಬಂದು ಅಳೆದೆ, ಅದೇ ಅಂಕಿ. ಇಷ್ಟು ವರ್ಷ ಅಂಕಿ ಬಂದ ಹಾಗೆ ಬರೆದುಕೊಂಡವಳು ಅವತ್ತು ಪ್ಲಾಸ್ಟಿಕ್ಕಿನ ಮರೆಗೆ ಹಣೆ ಒತ್ತಿ, ಏರು, ನಿನ್ನ ಕಾಲಿಗೆ ಬೀಳುತ್ತೇನೆ, ಏರು ಎಂದು ಬೇಡಿಕೊಂಡೆ. ಮೀಟರು ಎಲ್ಲಿ ಕೇಳುತ್ತದೆ. ಕಾಗದದಲ್ಲಿದ್ದದ್ದೇ ನಿಜ, ಆ ದ್ರವ ಆವಿಯಾಗಿ ಖೋಲಿ ತುಂಬುವಂಥದಲ್ಲ. ಹಾಗಾದರೆ ಅವರು ಉಸಿರಾಡುತ್ತಿದ್ದದ್ದು ಏನನ್ನು? ಸೋಮವಾರ ನಾನು ಕಂಡದ್ದು ಏನನ್ನು? ತಲೆ ಚಿಟ್ಟು ಹಿಡಿದು ಹೋಯಿತು.

ಅವರಿಗೆ ಹೇಳದೆ ವಿಧಿ ಇರಲಿಲ್ಲ. ಫೋನು ಮಾಡಿದೆ.

“ಸೋಮವಾರ ಇದ್ದದ್ದು ಗುರುವಾರ ಎಲ್ಲಿ ಹೋತು?” ಎಂದರು.

ಸೋಮವಾರದ್ದು ಏನೋ ತಪ್ಪಾಗಿತ್ತು, ಮೂರು ಸಲ ಅಳೆದರೂ ಕಡಿಮೆಯೇ ಬರುತ್ತಿದೆ, ಕಡಿಮೆ ಎಂದೇ ಬರೆಯಬೇಕು ಎಂದೆ.

“ನನ್ನ ಕಣ್ಣು ಹೋಗಿದ್ದು ಸುಳ್ಳೇನು? ಮಂದಿ ಮುಂದ ನನ್ನ ಮಾರಿ ಏನ್ ಉಳೀತು? ನೀ ಯಾರ ಕಡಿ ಅದಿ?”

ನನಗೂ ಸಿಟ್ಟು ಬಂತು. ನಾನು ಯಾರ ಕಡೆಯೂ ಇಲ್ಲ, ಅಂಕಿಯ ಕಡೆ ಇದ್ದೇನೆ ಎಂದುಬಿಟ್ಟೆ. ಗಂಡನ ಕಣ್ಣಿನ ವಿಷಯದಲ್ಲಿ ಆಡುವ ಮಾತೇ ಅದು? ಈಗಲೂ ನೆನಪಾದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನಿಸುತ್ತದೆ.

“ನಿನ್ನ ಅಂಕಿ ನೀ ಇಟ್ಕೋ,” ಎಂದರು. “ನಾಳಿ ಪಾಳಿ ಸುರು ಆಗೂ ಮೊದಲ, ಉಬ್ಬಿದ ಡಬ್ಬಿ ಅಂಗಳಕ್ಕ ತಂದು ಮ್ಯಾನೇಜರನ ಮುಂದ ನಾನೇ ತೆಗದು ತೋರಸ್ತೀನಿ. ಉಸ್ ಅಂತದಲ್ಲ, ಆವಾಜ ಅವ್ರೇ ಕೇಳಲಿ.” ಫೋನು ಕಟ್ಟಾಯಿತು.

ಶುಕ್ರವಾರ ಬೆಳಿಗ್ಗೆ ಮುಖ್ಯಸ್ಥರು ವರದಿ ಕೇಳಿದರು. ಮೂರು ಅಂಕಿ ಸರಿ, ಸೋಮವಾರದ್ದು ಯಾಕೆ ಹಾಗೆ ಬಂತು ಎಂದು ಬರೆಯದೆ ಸಹಿ ಹಾಕುವುದಿಲ್ಲ ಎಂದರು. ಸೋಮವಾರದ ಬುರುಡೆ ಇನ್ನೂ ತಟ್ಟೆಯಲ್ಲೇ ಇತ್ತು. ತೊಳೆಯದೆ ಬಿಟ್ಟದ್ದೇ ಆ ವಾರ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವಾಯಿತು. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕೊರಳಿನ ಒಳಬದಿಯಲ್ಲಿ, ತಳದಲ್ಲಿ, ಬೂದುಬಣ್ಣದ ಕಣಗಳು. ಗವಸಿನ ಬೆರಳಿನಿಂದ ತಿಕ್ಕಿದೆ. ದಿನಾ ಹಣೆಗೆ ಹಚ್ಚುವುದನ್ನು ಗವಸಿನೊಳಗಿನ ಬೆರಳೂ ಗುರುತು ಹಿಡಿಯಿತು.

ಎಷ್ಟು ವರ್ಷದಿಂದ ಹಚ್ಚಿದ್ದೇನೆ. ಎಣ್ಣೆ, ಟರ್ಪೆಂಟೈನು, ಕೀಟನಾಶಕ, ಯಾವ ದ್ರವವೂ ಆ ಚಿಟಿಕೆ ಬೂದಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೂದಿ ಎಂದರೆ ಕ್ಷಾರ, ಅದರಲ್ಲಿ ಲೋಹದ ಅಂಶವೂ ಇರುತ್ತದೆ. ಪೆರಾಕ್ಸೈಡಿಗೆ ಎರಡೂ ಆಗದು ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ವಿಭೂತಿ ಬೂದಿ ಎಂದು ನನಗೆ ಯಾವತ್ತೂ ಅನಿಸಿರಲೇ ಇಲ್ಲ. ಡ್ರಾಯರಿನ ಸಂದಿಯಿಂದ ಒಂದು ಕಣ ಹೆಕ್ಕಿ, ಪ್ಲಾಸ್ಟಿಕ್ಕಿನ ಮರೆಯ ಹಿಂದೆ, ಒಂದು ಹನಿ ದ್ರವದ ಮೇಲೆ ಉದುರಿಸಿದೆ. ಕಣದ ಸುತ್ತ ಗುಳ್ಳೆಗಳು ಎದ್ದವು. ನಿಲ್ಲಲೇ ಇಲ್ಲ.

ಮುಖ್ಯಸ್ಥರನ್ನು ಕರೆದು ತೋರಿಸಿದೆ, ಯಜಮಾನರ ವಿಷಯವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಮೊದಲೇ ಹೇಳಬೇಕಿತ್ತು ಎಂದಷ್ಟೇ ಹಿಂದಿಯಲ್ಲಿ ಅಂದರು. ಗುಳ್ಳೆಗಳನ್ನು ನೋಡುತ್ತಾ, ಸದ್ಯ ಕಾರಣವಾದರೂ ಸಿಕ್ಕಿತಲ್ಲ ಎಂದು ನನಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಯಜಮಾನರ ಸಾಮಾನು ಡಬ್ಬಿ ತೂಗುವ ತಕ್ಕಡಿ ಒಂದೇ ಅಲ್ಲ, ದ್ರವ ಸುರಿಯುವ ದೊಡ್ಡ ಲಾಳಿಕೆಯೂ ಅವರದೇ. ಪಾಳಿಯ ಶುರುವಿಗೆ ಅದಕ್ಕೂ ಮೂರು ಬೆರಳು ಎಳೆಯುತ್ತಾರೆ. ಉದುರಿದ್ದೆಲ್ಲ ಮೊದಲ ನಾಲ್ಕೈದು ಡಬ್ಬಿಗೆ ಹೋಗುತ್ತದೆ. ಸೋಮವಾರ ಶಿವನ ವಾರ, ಒಂದು ಕೈ ಹೆಚ್ಚು. ಡಬ್ಬಿ ಉಬ್ಬುತ್ತವೆ, ಉಸ್ ಎನ್ನುತ್ತವೆ, ಒಡೆದ ಅನಿಲ ಕಿಟಕಿ ಇಲ್ಲದ ಖೋಲಿಯಲ್ಲಿ ಸುತ್ತುತ್ತದೆ. ಎಲ್ಲವನ್ನೂ ಅವರು ನನಗೆ ಹೇಳಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಈ ಸೋಮವಾರ ಹೊಸ ಗಟ್ಟಿಯನ್ನು ಚೀಲದಲ್ಲಿ ಇಟ್ಟವಳೂ ನಾನೇ. ಈಗ ಅವರು ಅಂಥ ಡಬ್ಬಿಯ ಮೇಲೆ ಉಳಿದ ಒಂದು ಕಣ್ಣನ್ನು ಬಗ್ಗಿಸಿ ಮುಚ್ಚಳ ತಿರುವುವವರಿದ್ದರು.

ಫೋನು ಮಾಡಿದೆ, ಕತ್ತರಿಸಿದರು. ಮತ್ತೆ ಮಾಡಿದೆ, ಮತ್ತೆ ಕತ್ತರಿಸಿದರು. ಮೂರನೇ ಸಲಕ್ಕೆ ಸ್ವಿಚ್ ಆಫ್. ಡಬ್ಬಿ ಮುಟ್ಟಬೇಡಿ ಎಂದು ಕಳಿಸಿದ ಮೆಸೇಜು ಹೋಗಿ ಸುಮ್ಮನೆ ಕುಳಿತಿತು. ಮುಖ್ಯಸ್ಥರು ಮ್ಯಾನೇಜರಿಗೆ ಮಾಡಿದರೆ ಅವರು ಎತ್ತಲಿಲ್ಲ. ಕಾರ್ಖಾನೆಯ ಆಫೀಸಿಗೆ ಮಾಡಿದೆ. ಎತ್ತಿದವನಿಗೆ ಮರಾಠಿಯಲ್ಲಿ ಹೇಳಿದೆ, ನನ್ನ ಯಜಮಾನರು ಬಂದ ಕೂಡಲೇ ಡಬ್ಬಿ ತೆರೆಯಬೇಡಿ ಅನ್ನಿ, ವಿಭೂತಿ ಹಚ್ಚಬೇಡಿ ಅನ್ನಿ ಎಂದು. ಅವನು ನಕ್ಕು, ಗಂಡ ಹೆಂಡಿರ ಜಗಳದಲ್ಲಿ ನಾವು ಬರುವುದಿಲ್ಲ ಅತ್ತಿಗೆ ಎಂದು ಇಟ್ಟುಬಿಟ್ಟ.

ಹತ್ತು ಗಂಟೆಯ ಬಸ್ಸು ಸಿಕ್ಕಿತು, ಗಂಗಾಪುರದ ಮೇಲೆ ಹೋಗುವುದು. ಅದು ವಾಳೂಜಕ್ಕೇ ಇಳಿಸುತ್ತದೆ. ಮುಖ್ಯಸ್ಥರು, ಫೋನಿಗೆ ನಾನು ಪ್ರಯತ್ನ ಮಾಡುತ್ತಲೇ ಇರುತ್ತೇನೆ, ನೀವು ಹೊರಡಿ ಎಂದಿದ್ದರು. ಯೇವಲೆಯ ಹತ್ತಿರ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು, ಬಸ್ಸು ಅವುಗಳ ಹಿಂದೆ ತೆವಳಿತು. ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದ ಡ್ರೈವರನ ಮೇಲೆ ಹರಿಹಾಯ್ದೆ. ಅವನು ಚಹಾದ ಬಶಿ ಕೆಳಗಿಟ್ಟು, ಯಾರಾದರೂ ತೀರಿಕೊಂಡರೇನು ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದ. ಸೀಟಿಗೆ ಬಂದು ಕುಳಿತು ಅತ್ತೆ. ಚಹಾ ಅರ್ಧ ಬಿಟ್ಟು ಅವನು ಬಸ್ಸು ತೆಗೆದ. ದಾರಿಯುದ್ದಕ್ಕೂ ಫೋನು ಒತ್ತುತ್ತಲೇ ಇದ್ದೆ. ಅವರಿಗೆ ಏನೂ ಆಗದಿರಲಿ, ದೊಡ್ಡ ಅಭಿಷೇಕ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ. ಆ ಕ್ಷಣಕ್ಕೇ ಅಭಿಷೇಕದ ಕೊನೆಗೆ ಕೈಗೆ ಕೊಡುವ ವಿಭೂತಿ ನೆನಪಾಗಿ ಹರಕೆ ಬಾಯಲ್ಲೇ ಉಳಿಯಿತು.

ಎರಡೂ ಮುಕ್ಕಾಲಿಗೆ ಕಾರ್ಖಾನೆಯ ಗೇಟಿನಲ್ಲಿದ್ದೆ. ಪಾಸಿಲ್ಲದೆ ಬಿಡುವುದಿಲ್ಲ ಎಂದ ಕಾವಲುಗಾರ ಒಳಗೆ ಫೋನು ಮಾಡಲು ಕೋಣೆಗೆ ಹೋದ. ಗೇಟಿನ ಸರಳುಗಳ ನಡುವಿನಿಂದ ಅಂಗಳ ಕಾಣುತ್ತಿತ್ತು. ತಗಡಿನ ನೆರಳಿನಲ್ಲಿ ನಾಲ್ಕೈದು ಜನ ನಿಂತಿದ್ದರು, ಅವರಲ್ಲಿ ಒಬ್ಬರು ಇಸ್ತ್ರಿಯ ಅಂಗಿಯವರು, ಮ್ಯಾನೇಜರೇ ಇರಬೇಕು. ಮುಂದೆ ಬಿಳಿಯ ಡಬ್ಬಿಗಳ ಸಾಲು. ಒಂದರ ಮುಂದೆ ಯಜಮಾನರು ಕುಕ್ಕುರುಗಾಲಲ್ಲಿ ಕುಳಿತಿದ್ದರು. ಕಣ್ಣಿನ ರಕ್ಷಣೆಗೆ ಕೊಟ್ಟ ಕನ್ನಡಕ ಮಂಜಾಗುತ್ತದೆ ಎಂದೋ ಏನೋ ಅದನ್ನು ಹಣೆಗೆ ಏರಿಸಿಕೊಂಡಿದ್ದರು. ಎರಡೂ ಕೈ ಮುಚ್ಚಳದ ಮೇಲಿದ್ದವು.

ರೀ ಎಂದು ಕೂಗಿದೆ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಕೇಳಿದರೂ ಯಾವ ಗಂಡಸಿಗೆ ಎಂದು ತಿಳಿಯಬೇಕು? ಮದುವೆಯಾಗಿ ಇಪ್ಪತ್ತೆರಡು ವರ್ಷ ಅವರ ಹೆಸರು ನನ್ನ ಬಾಯಿಂದ ಹೊರಟಿರಲಿಲ್ಲ. ಆಸ್ಪತ್ರೆಯ ಚೀಟಿಗೂ ಬೇರೆಯವರಿಂದಲೇ ಹೇಳಿಸಿದ್ದೆ. ಅವತ್ತು ಗೇಟಿಗೆ ಮುಖ ಒತ್ತಿ, ಇದ್ದಬದ್ದ ಶಕ್ತಿಯಿಂದ ಅವರ ಹೆಸರು ಹಿಡಿದು ಕೂಗಿದೆ.

ಅವರು ಗಕ್ಕನೆ ಬಲಕ್ಕೆ, ಗೇಟಿನ ಕಡೆಗೆ ಮುಖ ತಿರುಗಿಸಿದರು. ಕೈ ಮಾತ್ರ ಶುರುಮಾಡಿದ ಕೆಲಸ ಮುಗಿಸಿತು. ಉಸ್ ಎಂದದ್ದು ಯಂತ್ರದ ಸದ್ದನ್ನೂ ಮೀರಿ ನನಗೂ ಕೇಳಿಸಿತು. ಕೆನ್ನೆಗೆ, ಕಿವಿಗೆ, ಎಡಗಣ್ಣಿಗೆ ಸಿಡಿಯಿತು. ಕಾವಲುಗಾರ ಯಾವಾಗ ಗೇಟು ತೆಗೆದ, ನಾನು ಯಾವಾಗ ಒಳಗೆ ಓಡಿದೆ, ನೆನಪಿಲ್ಲ. ಅಂಗಳದ ನಲ್ಲಿಯ ಕೆಳಗೆ ಅವರ ತಲೆ ಹಿಡಿದು, ರೆಪ್ಪೆ ಬಿಡಿಸಿ, ನೀರು ಬಿಟ್ಟೆ. ಅವರ ಹಣೆಯ ಮೂರು ಎಳೆ ವಿಭೂತಿ ನೀರಿನಲ್ಲಿ ಕರಗಿ ಕಣ್ಣಿನ ಕಡೆ ಇಳಿಯತೊಡಗಿದಾಗ ಸೆರಗಿನಿಂದ ತಿಕ್ಕಿ ಒರೆಸಿದೆ. ಗಂಡನ ಹಣೆ ಒರೆಸುತ್ತಿದ್ದೇನೆ ಎಂಬುದು ಆಮೇಲೆ ಹೊಳೆಯಿತು.

ಆಸ್ಪತ್ರೆಯಲ್ಲಿ ಎರಡನೆಯ ದಿನ ಎಲ್ಲ ಹೇಳಿದೆ, ಬುರುಡೆ, ಬೂದಿ, ಗುಳ್ಳೆ, ಲಾಳಿಕೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಹಾಗಾಗಿ ಅವರ ಮುಖದಿಂದ ಏನೂ ತಿಳಿಯಲಿಲ್ಲ. ತಲೆಯನ್ನು ನನ್ನ ದನಿಯ ಕಡೆ ಹೊರಳಿಸಿ ಕೇಳಿದರು.

“ಅಂದ್ರ ನೀ ಚೀಲದಾಗ ಇಟ್ಟಿದ್ದಲ್ಲ, ಅದೇ ಏನು?”

ಹೌದ್ರಿ ಎಂದೆ. ಅವರು ಕೈ ಚಾಚಿ ಹುಡುಕಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವರದಿಯಲ್ಲಿ ಕಡಿಮೆ ಅಂಕಿಯನ್ನೇ ಬರೆದೆವು, ಅದೇ ನಿಜವಾದದ್ದು. ಬೂದಿಯ ಸಂಗತಿಯನ್ನೂ ಬರೆದೆವು. ಫ್ಯಾನು ಬರಲಿಲ್ಲ. ತಪ್ಪು ನಿಮ್ಮವರದೇ ಎಂದರು ಮ್ಯಾನೇಜರು. ಖೋಲಿಯೊಳಗೆ ವಿಭೂತಿ ಒಯ್ಯಬಾರದು, ಒಳಗೆ ಹೋಗುವಾಗ ಎಲ್ಲರೂ ಹಣೆ ತೊಳೆದುಕೊಂಡು ಹೋಗಬೇಕೆಂದು ಗೇಟಿನಲ್ಲಿ ನಲ್ಲಿ ಹಾಕಿಸಿದರು. ಡಬ್ಬಿ ಉಬ್ಬುವುದು ನಿಂತಿತು, ಖೋಲಿಯವರ ಕೆಮ್ಮೂ ನಿಂತಿತು. ಯಜಮಾನರಿಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಈಗ ನಾಸಿಕದ ಮನೆಯಲ್ಲೇ ಇದ್ದಾರೆ, ವಾರದ ಏಳು ದಿನವೂ. ನನ್ನ ಟೇಬಲ್ಲಿನ ಬುರುಡೆಗಳು ಬರಿಗೊರಳಲ್ಲಿ ನಿಂತಿರುತ್ತವೆ, ಯಾರೂ ಕಾಡಿಸುವುದಿಲ್ಲ.

ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ, ಮುಂದೆ ಸ್ವಲ್ಪ ತಿಳಿಯಾದರೂ ಆಗಬಹುದು ಎಂದು ಡಾಕ್ಟರು ಬಾಯಿಮಾತಿಗೆ ಹೇಳಿದ್ದಾರೆ. ಅದನ್ನು ಇವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಪ್ರತಿ ಭಾನುವಾರ ಸ್ನಾನ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಗೋಡೆಗೆ ಒರಗಿ ಕುಳಿತು ಬಲಗಣ್ಣನ್ನು ಅಂಗೈಯಿಂದ ಮುಚ್ಚುತ್ತಾರೆ. ನಾನು ಎದುರು ಗೋಡೆಗೆ ನಿಂತು ಬೆರಳು ಎತ್ತಬೇಕು. ಎಷ್ಟು ಎಂದು ಅವರು ಹೇಳಬೇಕು. ಅಳತೆ ಮಾಡುವವಳು ನೀನೇ ಅಲ್ಲವೇ, ಸರಿಯಾಗಿ ಹೇಳು ಎನ್ನುತ್ತಾರೆ.

ಹೋದ ಭಾನುವಾರವೂ ಕುಳಿತರು. ಕತ್ತು ಮುಂದೆ ಮಾಡಿ, ರೆಪ್ಪೆ ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

“ಮೂರು,” ಎಂದರು.

“ಹೌದ್ರಿ, ಮೂರು,” ಎಂದೆ.

ನಾನು ಎತ್ತಿದ್ದು ಎರಡು.